ಮಂಡಿಯ ಹೊರಬದಿ ನೋವಿಗೆ ಯಾವ ಬ್ರೇಸ್ ಕೊಳ್ಳಲಿ?

ಪ್ರಶ್ನೆ: ನನಗೆ 34 ವರ್ಷ. ಎರಡು ವರ್ಷದಿಂದ ಓಡುತ್ತಿದ್ದೇನೆ. 21 ಕಿ.ಮೀ. ಓಟಕ್ಕೆ ತಯಾರಿ ಮಾಡುವಾಗ ಬಲಮಂಡಿಯ ಹೊರಬದಿ ನೋಯಲು ಶುರುವಾಯಿತು. ಮೊದಲ ನಾಲ್ಕು ಕಿ.ಮೀ. ಏನೂ ಇರುವುದಿಲ್ಲ. ಆಮೇಲೆ ಚಾಕು ಚುಚ್ಚಿದ ಹಾಗೆ ನೋವು. ನಿಂತರೆ ಹೋಗುತ್ತದೆ, ಓಡಿದರೆ ಮತ್ತೆ ಬರುತ್ತದೆ. ಮೆಟ್ಟಿಲು ಇಳಿಯುವಾಗಲೂ ಇದೆ. ವೈದ್ಯರು ಐ.ಟಿ. ಬ್ಯಾಂಡ್ ಸಿಂಡ್ರೋಮ್ ಅಂದರು, ಮಂಡಿಗೆ ಆಧಾರವಾಗಿ ಕಟ್ಟುವ ಬ್ರೇಸ್ ಹಾಕಿಕೊಳ್ಳಿ ಅಂದರು. ಯಾವುದು ಅಂತ ಹೇಳಲಿಲ್ಲ. ಎರಡೂ ಬದಿಗೆ ಲೋಹದ ಪಟ್ಟಿ ಇರುವ ದೊಡ್ಡ ಬ್ರೇಸ್ ತಂದೆ. ಅದನ್ನು ಹಾಕಿಕೊಂಡರೆ ನೋವು ಇನ್ನೂ ಜಾಸ್ತಿ. ಯಾವುದು ಸರಿ? ಎಷ್ಟು ಬಿಗಿ ಕಟ್ಟಬೇಕು? ದಿನವಿಡೀ ಹಾಕಿರಬೇಕಾ? ಓಟಕ್ಕೆ ಇನ್ನು ಏಳು ವಾರ ಇದೆ.

ಉತ್ತರ: ಆ ದೊಡ್ಡ ಬ್ರೇಸನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಾದರೆ ಇವತ್ತೇ ಕೊಟ್ಟುಬಿಡಿ. ಅದು ಕೆಟ್ಟ ವಸ್ತು ಅಂತಲ್ಲ. ನಿಮ್ಮ ತೊಂದರೆಗೆ ಮಾಡಿದ್ದಲ್ಲ, ಅಷ್ಟೇ.

ಬದಿಗಳಲ್ಲಿ ಲೋಹದ ಪಟ್ಟಿ ಮತ್ತು ಕೀಲು ಇರುವ ಬ್ರೇಸ್ ಮಾಡುವ ಕೆಲಸ ಒಂದೇ. ಮಂಡಿ ಅಕ್ಕಪಕ್ಕ ವಾಲದಂತೆ, ಹಿಂದಕ್ಕೆ ಜಾಸ್ತಿ ಬಾಗದಂತೆ ತಡೆಯುವುದು. ಮೂಳೆಗಳನ್ನು ಜೋಡಿಸಿ ಹಿಡಿಯುವ ಲಿಗಮೆಂಟ್ ಹರಿದವರಿಗೆ, ಆಪರೇಷನ್ ಆದವರಿಗೆ ಅದು ಬೇಕು. ನಿಮ್ಮ ಲಿಗಮೆಂಟ್‌ಗಳು ಗಟ್ಟಿಯಾಗಿಯೇ ಇವೆ. ಅದೂ ಅಲ್ಲದೆ ಹೊರಬದಿಯ ಆ ಲೋಹದ ಪಟ್ಟಿ ಬಂದು ಕೂರುವುದು ನಿಮಗೆ ನೋಯುವ ಜಾಗದ ಮೇಲೆಯೇ. ಪ್ರತಿ ಹೆಜ್ಜೆಗೂ ಅಲ್ಲಿ ಒತ್ತುತ್ತದೆ. ನೋವು ಜಾಸ್ತಿಯಾಗದೆ ಇನ್ನೇನಾಗುತ್ತದೆ?

ನಿಮಗೆ ಬೇಕಾಗಿರುವುದು, ಬೇಕಾದರೆ, ತೊಡೆಯ ಕೆಳಭಾಗಕ್ಕೆ ಸುತ್ತುವ ಒಂದು ಸಣ್ಣ ಪಟ್ಟಿ. ಅದಕ್ಕೆ ಐ.ಟಿ. ಬ್ಯಾಂಡ್ ಸ್ಟ್ರ್ಯಾಪ್ ಅನ್ನುತ್ತಾರೆ. ಬ್ರೇಸ್‌ಗಳ ಸಾಲಿನಲ್ಲಿ ಅದು ಎಲ್ಲಕ್ಕಿಂತ ಚಿಕ್ಕದು, ನೋಡಲು ಏನೂ ಅಲ್ಲದ ವಸ್ತು. "ಬೇಕಾದರೆ" ಅಂತ ಯಾಕೆ ಸೇರಿಸಿದೆ ಅಂತ ಕೇಳುತ್ತೀರಿ, ಅಲ್ವಾ? ಅದನ್ನು ತಿಳಿಯಲು ಈ ನೋವು ಎಲ್ಲಿಂದ ಬರುತ್ತದೆ ಅಂತ ಸ್ವಲ್ಪ ನೋಡಬೇಕು.

ಐ.ಟಿ. (ಇಲಿಯೋಟಿಬಿಯಲ್) ಬ್ಯಾಂಡ್ ಅಂದರೆ ತೊಡೆಯ ಹೊರಬದಿಯಲ್ಲಿ ಸೊಂಟದಿಂದ ಮಂಡಿಯ ಕೆಳಗಿನವರೆಗೆ ಇಳಿಯುವ ಗಟ್ಟಿ ಪಟ್ಟಿ. ಅದು ಸ್ನಾಯು ಅಲ್ಲ. ಸ್ನಾಯುಗಳ ಮೇಲೆ ಹೊದಿಕೆಯ ಹಾಗೆ ಇರುವ ಪೊರೆಯೇ ಅಲ್ಲಿ ದಪ್ಪವಾಗಿ ಪಟ್ಟಿಯಾಗಿದೆ. ಮೇಲೆ ಸೊಂಟದ ಮುಂದಿನ ಒಂದು ಸಣ್ಣ ಸ್ನಾಯು ಮತ್ತು ಪೃಷ್ಠದ ದೊಡ್ಡ ಸ್ನಾಯು ಅದನ್ನು ಹಿಡಿದು ಎಳೆಯುತ್ತವೆ. ಕೆಳಗೆ ಅದು ಮೊಣಕಾಲಿನ ಕೆಳಗಿರುವ ದೊಡ್ಡ ಮೂಳೆಯ ಹೊರಬದಿಗೆ ಅಂಟಿಕೊಂಡಿದೆ. ಆ ಕೊನೆ ಮುಟ್ಟುವ ಮೊದಲು ತೊಡೆಮೂಳೆಯ ಕೆಳತುದಿಯಲ್ಲಿರುವ ಒಂದು ಉಬ್ಬಿನ ಮೇಲೆ ಹಾದುಹೋಗುತ್ತದೆ. ನಿಮ್ಮ ನೋವು ಆ ಉಬ್ಬಿನ ಹತ್ತಿರ.

1975ರಲ್ಲಿ ರೆನ್ ಎಂಬ ವೈದ್ಯರು ಅಮೆರಿಕದ ಮೆರೀನ್ ಪಡೆಗೆ ತರಬೇತಿ ಪಡೆಯುತ್ತಿದ್ದವರಲ್ಲಿ ಈ ನೋವನ್ನು ಕಂಡು ಬರೆದರು. ಮಂಡಿ ಬಾಗಿ ನೆಟ್ಟಗಾಗುವಾಗ ಪಟ್ಟಿ ಆ ಉಬ್ಬಿನ ಮೇಲೆ ಹಿಂದೆ ಮುಂದೆ ಜಾರಿ ಉಜ್ಜುತ್ತದೆ ಅನ್ನುವುದು ಆಗಿನ ವಿವರಣೆ. ಹಗ್ಗ ಕಲ್ಲಿಗೆ ಉಜ್ಜಿದ ಹಾಗೆ. ಬಹಳ ವರ್ಷ ಎಲ್ಲರೂ ಅದನ್ನೇ ನಂಬಿದ್ದರು. 2006ರಲ್ಲಿ ಫೇರ್‌ಕ್ಲಫ್ ಮತ್ತು ಜೊತೆಗಾರರು ಶವಗಳಲ್ಲಿ ಬಿಡಿಸಿ ನೋಡಿ, ಎಂ.ಆರ್.ಐ. ತೆಗೆದು ನೋಡಿ ಬೇರೆ ಮಾತು ಹೇಳಿದರು. ಪಟ್ಟಿ ಅಲ್ಲಿ ಬಿಡಿಯಾಗಿ ಜಾರುವುದಿಲ್ಲ. ಗಟ್ಟಿ ನಾರುಗಳಿಂದ ತೊಡೆಮೂಳೆಗೆ ಕಟ್ಟಿಕೊಂಡಿದೆ. ಅದರ ಕೆಳಗೆ ಕೊಬ್ಬಿನ ತೆಳು ಪದರ ಇದೆ, ಅದರಲ್ಲಿ ನರಗಳು ದಂಡಿಯಾಗಿವೆ. ಮಂಡಿ ಸುಮಾರು 30 ಡಿಗ್ರಿ ಬಾಗಿದಾಗ ಪಟ್ಟಿ ಆ ಪದರವನ್ನು ಮೂಳೆಗೆ ಅದುಮುತ್ತದೆ. ಉಜ್ಜುವುದಲ್ಲ, ಅದುಮುವುದು. ನಾನೂ ಇದನ್ನೇ ಒಪ್ಪುತ್ತೇನೆ, ಯಾಕೆಂದರೆ ನೋಯುವ ರೀತಿಗೆ ಇದು ಚೆನ್ನಾಗಿ ಹೊಂದುತ್ತದೆ.

ಓಡುವಾಗ ಪಾದ ನೆಲ ಮುಟ್ಟಿದ ಕೂಡಲೇ ಮಂಡಿ ಇರುವುದು ಹೆಚ್ಚುಕಡಿಮೆ ಆ ಕೋನದಲ್ಲೇ. ಒಂದು ಕಿಲೋಮೀಟರಿಗೆ ಒಂದು ಕಾಲು ಸುಮಾರು 400-500 ಸಲ ನೆಲ ಮುಟ್ಟುತ್ತದೆ. ನಾಲ್ಕು ಕಿ.ಮೀ. ಅಂದರೆ 1600-2000 ಸಲ. ಅಲ್ಲಿಯವರೆಗೆ ಸಹಿಸುವ ಜಾಗ ಆಮೇಲೆ "ಸಾಕು" ಅನ್ನುತ್ತದೆ. ಇಳಿಜಾರಿನಲ್ಲಿ, ನಿಧಾನ ಓಟದಲ್ಲಿ ಮಂಡಿ ಆ ಕೋನದಲ್ಲಿ ಜಾಸ್ತಿ ಹೊತ್ತು ಭಾರ ಹೊರುತ್ತದೆ. ಅದಕ್ಕೇ ಕೆಲವರು "ನಿಧಾನವಾಗಿ ಓಡಿದರೆ ನೋವು, ಜೋರಾಗಿ ಓಡಿದರೆ ಇಲ್ಲ, ಇದೆಂಥ ವಿಚಿತ್ರ" ಅನ್ನುತ್ತಾರೆ. ವಿಚಿತ್ರ ಏನಿಲ್ಲ. ಜೋರಾಗಿ ಓಡುವಾಗ ಪಾದ ನೆಲ ಮುಟ್ಟುವ ಹೊತ್ತಿಗೆ ಮಂಡಿ 30 ಡಿಗ್ರಿ ದಾಟಿ ಬಾಗಿರುತ್ತದೆ.

ಈಗ ನಿಮ್ಮ ವೈದ್ಯರ ಮಾತು ಸರಿಯೇ ಅಂತ ನೀವೇ ಒಂದು ಸಲ ನೋಡಿಕೊಳ್ಳಿ. ಕುರ್ಚಿಯಲ್ಲಿ ಕೂತು ಮಂಡಿ ಬಾಗಿಸಿ. ಮಂಡಿಚಿಪ್ಪಿನ ಪಕ್ಕದಿಂದ ಬೆರಳನ್ನು ಹೊರಬದಿಗೆ ಸರಿಸಿದರೆ ಗಟ್ಟಿಯಾದ ಮೂಳೆಯ ಉಬ್ಬು ಸಿಗುತ್ತದೆ. ಹೆಬ್ಬೆರಳಿಂದ ಅದರ ಮೇಲೆ ಸ್ವಲ್ಪ ಬಲವಾಗಿ ಒತ್ತಿ ಹಿಡಿಯಿರಿ. ಹಾಗೇ ಹಿಡಿದುಕೊಂಡು ಕಾಲನ್ನು ನಿಧಾನವಾಗಿ ಚಾಚಿ. ಪೂರ್ತಿ ನೆಟ್ಟಗಾಗಲು ಇನ್ನು ಸ್ವಲ್ಪ ಇರುವಾಗ, ಅಂದರೆ ಆ 30 ಡಿಗ್ರಿಯ ಹತ್ತಿರ, "ಹ್ಞಾಂ, ಇದೇ ನೋವು" ಅನ್ನಿಸಿದರೆ ವೈದ್ಯರು ಹೇಳಿದ್ದು ಸರಿ ಅನ್ನಲು ಒಳ್ಳೆಯ ಸೂಚನೆ. ನೋಬಲ್ ಎಂಬ ವೈದ್ಯರ ಹೆಸರಲ್ಲಿ ಕರೆಯುವ ಪರೀಕ್ಷೆ ಇದು. ಕ್ಲಿನಿಕ್‌ನಲ್ಲಿ ನಾವು ಮಾಡುವುದೂ ಇದನ್ನೇ.

ಆದರೆ ನೋವು ಆ ಉಬ್ಬಿಗಿಂತ ಕೆಳಗೆ, ಎರಡು ಮೂಳೆ ಸೇರುವ ಸಂದಿನಲ್ಲಿ ಇದ್ದರೆ ಒಳಗಿನ ಗಾದಿ, ಅಂದರೆ ಮೆನಿಸ್ಕಸ್, ಹರಿದಿರಬಹುದು. ಮಂಡಿ ಊದಿದ್ದರೆ, ಸಿಕ್ಕಿಹಾಕಿಕೊಂಡಂತೆ ಆಗಿ ಚಾಚಲು ಬಾರದಿದ್ದರೆ, ಕಾಲು ತಟ್ಟನೆ ಕೈಕೊಟ್ಟರೆ, ಬಿದ್ದು ಅಥವಾ ತಿರುಚಿ ಶುರುವಾದ ನೋವಾದರೆ, ರಾತ್ರಿ ಮಲಗಿದಾಗಲೂ ಕೊರೆಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ಬ್ರೇಸ್ ಹುಡುಕುವುದು ಬಿಟ್ಟು ಮತ್ತೆ ವೈದ್ಯರ ಹತ್ತಿರ ಹೋಗಿ. ಇವು ಯಾವುವೂ ಐ.ಟಿ. ಬ್ಯಾಂಡಿನ ಲಕ್ಷಣಗಳಲ್ಲ. ನೀವು ಬರೆದಿರುವುದರಲ್ಲಿ ಇವುಗಳ ಸುಳಿವು ನನಗೆ ಕಾಣಲಿಲ್ಲ.

ಸರಿ, ಪಟ್ಟಿಯ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ "ಓಡುವಾಗ ಮಂಡಿ ನೋವು" ಅಂದ ತಕ್ಷಣ ಒಂದು ಸಣ್ಣ ಸ್ಟ್ರ್ಯಾಪ್ ಕೊಡುತ್ತಾರೆ. ಅದು ಮಂಡಿಚಿಪ್ಪಿನ ಕೆಳಗೆ ಕಟ್ಟುವ ಪಟೆಲ್ಲರ್ ಸ್ಟ್ರ್ಯಾಪ್. ಚಿಪ್ಪಿನ ಕೆಳಗಿನ ಸ್ನಾಯುರಜ್ಜು ನೋಯುವವರಿಗೆ, ಜಿಗಿಯುವ ಆಟ ಆಡುವವರಿಗೆ ಅದು. ನಿಮಗೆ ನೋವು ಇರುವುದು ಹೊರಬದಿಯಲ್ಲಿ, ಚಿಪ್ಪಿನ ಕೆಳಗಲ್ಲ. ಅದನ್ನು ಕಟ್ಟಿಕೊಂಡರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಎರಡೂ ಪಟ್ಟಿಗಳು ನೋಡಲು ಹೆಚ್ಚುಕಡಿಮೆ ಒಂದೇ ಥರ, ಪೆಟ್ಟಿಗೆಯ ಮೇಲಿನ ಚಿತ್ರ ನೋಡಿಯೇ ಗುರುತಿಸಬೇಕು. ಚಿತ್ರದಲ್ಲಿ ಪಟ್ಟಿ ಚಿಪ್ಪಿನ ಕೆಳಗಿದ್ದರೆ ಬೇಡ. ತೊಡೆಯ ತುದಿಯಲ್ಲಿ, ಚಿಪ್ಪಿಗಿಂತ ಮೇಲೆ ಇದ್ದರೆ ಅದು ನಿಮ್ಮದು. ಎರಡಕ್ಕೂ ಆಗುತ್ತದೆ ಅಂತ ಬರೆದಿರುವ ಪಟ್ಟಿಗಳೂ ಇವೆ. ಅವು ತೊಡೆಗೆ ಸುತ್ತುವಷ್ಟು ಉದ್ದ ಇವೆಯಾ ಅಂತ ನೋಡಿಕೊಳ್ಳಿ, ಎಷ್ಟೋ ಸಲ ಇರುವುದಿಲ್ಲ.

ಒಳ್ಳೆಯ ಐ.ಟಿ. ಪಟ್ಟಿಯಲ್ಲಿ ನಾನು ಮೊದಲು ನೋಡುವುದು ಹೊರಬದಿಗೆ ಬರುವ ಮೆತ್ತೆ. ಅದು ಬೆರಳಲ್ಲಿ ಒತ್ತಿದರೆ ತಗ್ಗಿ ಮತ್ತೆ ಎದ್ದು ಬರುವಂತಿರಬೇಕು. ಕಲ್ಲಿನಂತೆ ಗಟ್ಟಿ ಇದ್ದರೆ ಓಡುವಾಗ ಅದೇ ಒಂದು ಹೊಸ ನೋವು. ಆಮೇಲೆ ಪಟ್ಟಿಯ ಅಗಲ. ತೀರಾ ಸಣ್ಣದಾಗಿದ್ದರೆ ದಾರದಂತೆ ಸುರುಳಿಯಾಗಿ ತೊಡೆಗೆ ಇಳಿಯುತ್ತದೆ. ಮೂರು ಬೆರಳಷ್ಟು ಅಗಲ ಇದ್ದರೆ ಸಾಕು. ಒಳಬದಿಯಲ್ಲಿ ಸಿಲಿಕೋನ್ ಗೆರೆಗಳಿದ್ದರೆ ಒಳ್ಳೆಯದು. ನಮ್ಮ ತೊಡೆ ಮೇಲೆ ದಪ್ಪ, ಕೆಳಗೆ ಸಪೂರ. ಹಾಗಾಗಿ ಯಾವ ಪಟ್ಟಿಯೇ ಆಗಲಿ ಬೆವರು ಬಂದ ಮೇಲೆ ಕೆಳಗೆ ಜಾರಲು ನೋಡುತ್ತದೆ. ಸಿಲಿಕೋನ್ ಗೆರೆ ಅದನ್ನು ಹಿಡಿದಿಡುತ್ತದೆ. ವೆಲ್ಕ್ರೋ ಎಲ್ಲಿ ಮುಗಿಯುತ್ತದೆ ಅಂತಲೂ ನೋಡಿ. ತೊಡೆಯ ಒಳಬದಿಗೆ ಬಂದರೆ ಇನ್ನೊಂದು ಕಾಲಿಗೆ ಉಜ್ಜಿ ಚರ್ಮ ಕೆಂಪಾಗುತ್ತದೆ. ಅಂಗಡಿಯಲ್ಲಿ ನಿಂತು ಕಟ್ಟಿ ನೋಡಿದಾಗ ಇದು ಗೊತ್ತಾಗುವುದಿಲ್ಲ. ಅಲ್ಲೇ ಹತ್ತು ಹೆಜ್ಜೆ ಜಾಗಿಂಗ್ ಮಾಡಿ ನೋಡಿ. ಜನ ನೋಡಿದರೆ ನೋಡಲಿ.

ಬಟ್ಟೆ ಎರಡು ಥರ. ನಿಯೋಪ್ರೀನ್ ಅನ್ನುವ ರಬ್ಬರಿನಂಥ ಬಟ್ಟೆ ದಪ್ಪ, ಬೆಚ್ಚಗಿರುತ್ತದೆ, ಬೆವರು ಒಳಗೇ ನಿಲ್ಲುತ್ತದೆ. ಕೆಲವರ ಚರ್ಮಕ್ಕೆ ಅದು ಆಗುವುದೇ ಇಲ್ಲ, ತುರಿಕೆ ಬರುತ್ತದೆ. ಹೆಣೆದ ಎಲಾಸ್ಟಿಕ್ ಬಟ್ಟೆ ಗಾಳಿಯಾಡುತ್ತದೆ, ಆದರೆ ಬೇಗ ಸಡಿಲವಾಗುತ್ತದೆ. ಉದ್ದ ಓಟಕ್ಕೆ ನಾನು ಹೆಣೆದದ್ದನ್ನೇ ಹೇಳುತ್ತೇನೆ. ಸೆಕೆಯಲ್ಲಿ ಒಂದೂವರೆ ಗಂಟೆ ನಿಯೋಪ್ರೀನ್ ಕಟ್ಟಿಕೊಂಡು ಓಡಿದವರ ತೊಡೆಯ ಚರ್ಮ ನೋಡಿದ್ದೇನೆ. ಯಾವುದೇ ಆದರೂ ಓಡಿ ಬಂದ ಮೇಲೆ ಒಗೆದು ಒಣಗಿಸಿ. ಚರ್ಮದ ಅರ್ಧ ತೊಂದರೆ ಒಗೆಯದೆ ಮತ್ತೆ ಮತ್ತೆ ಹಾಕುವುದರಿಂದ ಬರುವುದು.

ಅಳತೆ ತೆಗೆಯುವಾಗ ಹೆಚ್ಚಿನವರು ಎಡವುತ್ತಾರೆ. ಒಂದು ಕಂಪನಿ ಮಂಡಿಚಿಪ್ಪಿನ ನಡುವೆ ಸುತ್ತಳತೆ ಕೇಳುತ್ತದೆ, ಇನ್ನೊಂದು ಚಿಪ್ಪಿನಿಂದ 10 ಅಥವಾ 15 ಸೆಂ.ಮೀ. ಮೇಲೆ ಕೇಳುತ್ತದೆ. ಹಾಗಾಗಿ ಒಂದು ಕಂಪನಿಯ ಮೀಡಿಯಂ ಇನ್ನೊಂದರ ಮೀಡಿಯಂ ಅಲ್ಲ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಎಲ್ಲಿ ಅಳೆಯಲು ತೋರಿಸಿದ್ದಾರೋ ಅಲ್ಲೇ ಅಳೆಯಿರಿ. ನಿಂತು, ಕಾಲು ಸಡಿಲ ಬಿಟ್ಟು, ಟೇಪು ಚರ್ಮಕ್ಕೆ ತಾಗುವಷ್ಟು ಮಾತ್ರ ಇರಲಿ, ಬಿಗಿಯಬೇಡಿ. ಎರಡು ಸೈಜಿನ ನಡುವೆ ಬಂದರೆ ವೆಲ್ಕ್ರೋ ಪಟ್ಟಿಯಲ್ಲಿ ದೊಡ್ಡದನ್ನೇ ತೆಗೆದುಕೊಳ್ಳಿ, ಬಿಗಿ ಮಾಡಿಕೊಳ್ಳಬಹುದು. ಸ್ಲೀವ್ ಆದರೆ ಎರಡನ್ನೂ ಹಾಕಿ ನೋಡದೆ ತರಬೇಡಿ.

ಸ್ಲೀವ್ ಅಂದೆ. ಮಂಡಿಗೆ ಕಾಲುಚೀಲದ ಹಾಗೆ ಎಳೆದುಕೊಳ್ಳುವ ಕೊಳವೆ ಅದು. ಬೆಚ್ಚಗೆ ಇಡುತ್ತದೆ, ಹಿಡಿದುಕೊಂಡ ಅನುಭವ ಕೊಡುತ್ತದೆ. ಕೆಲವರಿಗೆ ಅಷ್ಟರಲ್ಲೇ ಧೈರ್ಯ ಬರುತ್ತದೆ, ಅದು ಸಣ್ಣ ಲಾಭವೇನಲ್ಲ. ಆದರೆ ಐ.ಟಿ. ಬ್ಯಾಂಡಿನ ಮೇಲೆ ಅದರದ್ದು ಬೇರೆ ಕೆಲಸ ಏನೂ ಇಲ್ಲ. ನಿಮ್ಮ ಹತ್ತಿರ ಹಳೆಯದು ಇದ್ದರೆ ಹಾಕಿ ನೋಡಿ, ಹೊಲಿಗೆ ನೋಯುವ ಜಾಗದ ಮೇಲೆ ಬರದಿದ್ದರೆ ಸಾಕು. ಇದಕ್ಕೆಂದೇ ಹೊಸದು ಕೊಳ್ಳಬೇಡಿ. ಚಿಪ್ಪಿನ ಹತ್ತಿರ ತೂತು ಇರಬೇಕಾ ಬೇಡವಾ ಅನ್ನುವ ಚರ್ಚೆ ನಿಮ್ಮ ನೋವಿಗೆ ಸಂಬಂಧವೇ ಇಲ್ಲದ್ದು. ಬಣ್ಣ ಬಣ್ಣದ ಅಂಟುಪಟ್ಟಿ, ಅಂದರೆ ಟೇಪ್, ಕೂಡ ಹಾಗೇ. ಹಿತ ಅನ್ನಿಸಿದರೆ ಹಾಕಿ, ಇಲ್ಲದಿದ್ದರೆ ಬಿಡಿ.

ಪಟ್ಟಿಯನ್ನು ಕಟ್ಟುವ ಜಾಗ ಸೈಜಿಗಿಂತ ಮುಖ್ಯ. ನೋಯುವ ಉಬ್ಬಿನ ಮೇಲೆ ಕಟ್ಟಬಾರದು. ಹೆಚ್ಚಿನವರು ಮಾಡುವುದು ಅದನ್ನೇ. ಎಲ್ಲಿ ನೋವೋ ಅಲ್ಲಿ ಕಟ್ಟು ಅನ್ನುವುದು ಮನಸ್ಸಿಗೆ ಸಹಜ. ಆದರೆ ಈಗಾಗಲೇ ಅದುಮಿಸಿಕೊಂಡು ಸಿಟ್ಟಾಗಿರುವ ಜಾಗವನ್ನು ಇನ್ನೂ ಅದುಮಿದರೆ ಏನು ಪ್ರಯೋಜನ? ಪಟ್ಟಿಯ ಕೆಳ ಅಂಚು ಮಂಡಿಚಿಪ್ಪಿನ ಮೇಲ್ತುದಿಗಿಂತ ಒಂದೆರಡು ಬೆರಳು ಮೇಲೆ ಇರಲಿ. ಮೆತ್ತೆ ಸರಿಯಾಗಿ ಹೊರಬದಿಗೆ, ಪ್ಯಾಂಟಿನ ಹೊರಹೊಲಿಗೆ ಬರುವ ಗೆರೆಯಲ್ಲಿ ಕೂರಲಿ. ಮೇಲೆ ಹಾಗೆ ಒತ್ತಿ ಹಿಡಿದರೆ ಕೆಳಗೆ ಉಬ್ಬಿನ ಹತ್ತಿರ ಐ.ಟಿ. ಬ್ಯಾಂಡಿನ ಎಳೆತ ಬದಲಾಗುತ್ತದೆ ಅನ್ನುವುದು ಇದರ ಹಿಂದಿನ ಲೆಕ್ಕ. ಈ ಲೆಕ್ಕಕ್ಕೆ ಗಟ್ಟಿ ಪುರಾವೆ ಇನ್ನೂ ಬಂದಿಲ್ಲ. ಕಟ್ಟಿದ ತಕ್ಷಣ ಅರ್ಧ ನೋವು ಇಳಿಯಿತು ಅನ್ನುವವರು ಸಿಗುತ್ತಾರೆ, ಏನೂ ಆಗಲಿಲ್ಲ ಅನ್ನುವವರೂ ಸಿಗುತ್ತಾರೆ. ಯಾರಿಗೆ ಕೆಲಸ ಮಾಡುತ್ತದೆ ಅಂತ ಮುಖ ನೋಡಿ ಹೇಳುವ ವಿದ್ಯೆ ನನಗಂತೂ ಬಂದಿಲ್ಲ. ಹಾಗಾಗಿ ಪರೀಕ್ಷೆ ಮಾಡಿಯೇ ನೋಡಬೇಕು.

ಪರೀಕ್ಷೆ ಸುಲಭ. ಮೆಟ್ಟಿಲಿನ ಅಂಚಿನಲ್ಲಿ ಬಲಗಾಲ ಮೇಲೆ ನಿಲ್ಲಿ, ಬೀಳದಂತೆ ಗೋಡೆ ಹಿಡಿದುಕೊಳ್ಳಿ. ಎಡಗಾಲ ಹಿಮ್ಮಡಿಯನ್ನು ಕೆಳಗಿನ ಮೆಟ್ಟಿಲಿಗೆ ನಿಧಾನವಾಗಿ ತಾಗಿಸಿ, ಮೇಲೆ ಬನ್ನಿ. ನೋವು ಬರುವವರೆಗೆ ಎಷ್ಟು ಸಲ ಆಯಿತು, ಎಣಿಸಿ ಬರೆದಿಡಿ. ಮರುದಿನ ಅದೇ ಹೊತ್ತಿಗೆ ಪಟ್ಟಿ ಕಟ್ಟಿಕೊಂಡು ಮತ್ತೆ ಎಣಿಸಿ. ಆರು ಸಲ ಇದ್ದದ್ದು ಹದಿನೈದಾದರೆ ಪಟ್ಟಿ ನಿಮಗೆ ಆಗುತ್ತದೆ. ಆರು ಏಳಾದರೆ ಅದು ಲೆಕ್ಕಕ್ಕಿಲ್ಲ. ಜಾಗವನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿ ಇನ್ನೊಂದೆರಡು ದಿನ ನೋಡಿ. ಆಗಲೂ ವ್ಯತ್ಯಾಸ ಇಲ್ಲದಿದ್ದರೆ ಪಟ್ಟಿಯನ್ನು ಡ್ರಾಯರಿಗೆ ಹಾಕಿ ಮರೆತುಬಿಡಿ. ದಯವಿಟ್ಟು "ಇನ್ನೂ ಬಿಗಿ ಕಟ್ಟಿ ನೋಡೋಣ" ಅನ್ನಬೇಡಿ.

ಬಿಗಿ ಎಷ್ಟು ಅಂತ ಕೇಳಿದ್ದೀರಿ. ಕಟ್ಟಿದ ಮೇಲೆ ಪಟ್ಟಿಯ ಕೆಳಗೆ ಒಂದು ಬೆರಳು ಆರಾಮಾಗಿ ನುಸುಳಬೇಕು. ಬೆರಳು ಹೋಗದಿದ್ದರೆ ಜಾಸ್ತಿ ಬಿಗಿ. ಮೂರು ಬೆರಳು ಹೋದರೆ ಸುಮ್ನೆ ಅಲಂಕಾರ. ಐದು ನಿಮಿಷ ನಡೆದು ಪಾದ ನೋಡಿಕೊಳ್ಳಿ. ತಣ್ಣಗಾಗಿದೆಯಾ, ಬಣ್ಣ ಬದಲಾಗಿದೆಯಾ, ಜುಮ್ ಅನ್ನುತ್ತಿದೆಯಾ? ಯಾವುದಾದರೂ ಒಂದಿದ್ದರೂ ಸಡಿಲ ಮಾಡಿ. ಓಡುವಾಗ ತೊಡೆಯ ಸ್ನಾಯು ಸ್ವಲ್ಪ ಉಬ್ಬುತ್ತದೆ, ಮನೆಯಲ್ಲಿ ಸರಿ ಇದ್ದ ಬಿಗಿ ಮೂರನೇ ಕಿ.ಮೀ.ನಲ್ಲಿ ಜಾಸ್ತಿ ಅನ್ನಿಸಬಹುದು. ನಿಂತು ಸಡಿಲ ಮಾಡಿಕೊಳ್ಳಲು ನಾಚಿಕೆ ಬೇಡ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಗೋಲಿಯಂಥ ಇನ್ನೊಂದು ಮೂಳೆ ಕೈಗೆ ಸಿಗುತ್ತದೆ. ಅದು ಕಾಲಿನ ಸಣ್ಣ ಮೂಳೆಯ ತಲೆ. ಅದರ ಕುತ್ತಿಗೆಯನ್ನು ಸುತ್ತಿಕೊಂಡು ಒಂದು ನರ ಹೋಗುತ್ತದೆ, ಚರ್ಮದ ಕೆಳಗೇ. ಪಾದವನ್ನು ಮೇಲೆತ್ತುವ ಶಕ್ತಿ ಕೊಡುವುದು ಆ ನರ. ಬಿಗಿ ಪಟ್ಟಿ ಜಾರಿ ಅಲ್ಲಿ ಕೂತರೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ. ಹಾಗೇ ಬಹಳ ಹೊತ್ತು ಬಿಟ್ಟರೆ ಪಾದ ಎತ್ತುವುದೇ ಕಷ್ಟವಾಗಬಹುದು. ಕೈಯಲ್ಲಿ ಮುಟ್ಟಿ ಆ ಮೂಳೆಯನ್ನು ಗುರುತಿಸಿಟ್ಟುಕೊಳ್ಳಿ, ಯಾವ ಪಟ್ಟಿಯನ್ನೂ ಅದರ ಹತ್ತಿರ ಬಿಗಿಯಬೇಡಿ. ಕಾಲಿನ ರಕ್ತನಾಳದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದವರು, ಕಾಲಿನ ರಕ್ತ ಓಡಾಟ ಸರಿ ಇಲ್ಲದವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ವೈದ್ಯರನ್ನು ಕೇಳದೆ ಇಂಥ ಪಟ್ಟಿ ಕಟ್ಟಲೇಬಾರದು.

ದಿನವಿಡೀ ಬೇಡ. ಮಲಗುವಾಗಂತೂ ಬೇಡವೇ ಬೇಡ. ಕೂತಾಗ, ಮಲಗಿದಾಗ ಆ ಜಾಗದ ಮೇಲೆ ಅದುಮು ಬೀಳುವುದೇ ಇಲ್ಲ, ಪಟ್ಟಿಗೆ ಅಲ್ಲಿ ಕೆಲಸವೇ ಇಲ್ಲ. ಓಡುವಾಗ, ಉದ್ದ ನಡಿಗೆಯಲ್ಲಿ, ಮೆಟ್ಟಿಲು ಜಾಸ್ತಿ ಇರುವ ದಿನ ಹಾಕಿ. ಮುಗಿದ ತಕ್ಷಣ ತೆಗೆಯಿರಿ.

ಈಗ ಪಟ್ಟಿಗಿಂತ ದೊಡ್ಡ ವಿಷಯ. ನೀವು ಕೇಳಲಿಲ್ಲ, ಆದರೆ ಇದನ್ನು ಹೇಳದೆ ಬಿಟ್ಟರೆ ನನ್ನ ಉತ್ತರ ಅರ್ಧ. ಪಟ್ಟಿ ಕಟ್ಟಿದಾಗ ನೋವು ಇಳಿದರೆ ಜನ ಮಾಡುವ ಮೊದಲ ಕೆಲಸ ಹಳೆಯ ದೂರಕ್ಕೇ ವಾಪಸ್ ಹೋಗುವುದು. ನಾಲ್ಕು ಕಿ.ಮೀ.ಗೆ ಬರುತ್ತಿದ್ದ ನೋವು ಎಂಟಕ್ಕೆ ಬರುತ್ತದೆ, ಈ ಸಲ ಹೆಚ್ಚು ಜೋರಾಗಿ. ಪಟ್ಟಿ ಕೊಟ್ಟದ್ದು ಸ್ವಲ್ಪ ಬಿಡುವು. ಅದನ್ನು ದೂರ ಹೆಚ್ಚಿಸಲು ಖರ್ಚು ಮಾಡಿದರೆ ಕಾಲಿಗೆ ಏನೂ ಉಳಿಯುವುದಿಲ್ಲ.

ನೋವು ನಾಲ್ಕಕ್ಕೆ ಬರುತ್ತದೆ ಅಂದಿರಿ. ಹಾಗಾದರೆ ಸದ್ಯಕ್ಕೆ ಎರಡೂವರೆ, ಮೂರಕ್ಕೆ ನಿಲ್ಲಿಸಿ. ದಿನ ಬಿಟ್ಟು ದಿನ. ಸಮತಟ್ಟು ನೆಲ, ಇಳಿಜಾರು ಬೇಡ. ಒಂದೇ ಬದಿಗೆ ವಾಲಿದ ರಸ್ತೆ ಅಂಚಿನಲ್ಲಿ ಓಡುವ ಅಭ್ಯಾಸ ಇದ್ದರೆ ಅದೂ ಬೇಡ. "ನೋವು ಬಂದಾಗ ನಿಲ್ಲಿಸುತ್ತೇನೆ" ಅನ್ನುವುದು ಈ ಕಾಯಿಲೆಯಲ್ಲಿ ತಡವಾದ ಲೆಕ್ಕ. ನೋವು ಬರುವ ಮುಂಚೆ ನಿಲ್ಲಿಸಬೇಕು. ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿದು ನೋಡಿ. ನೋವಿಲ್ಲದಿದ್ದರೆ ಮುಂದಿನ ವಾರ ಸ್ವಲ್ಪ ಸೇರಿಸಿ. ಮೂರು ಕಿ.ಮೀ.ಯೂ ಆಗದಿದ್ದರೆ ಒಂದೆರಡು ವಾರ ಓಟ ಬಿಟ್ಟು ಈಜಿ, ಇಲ್ಲವೇ ನಡೆಯಿರಿ. ಸೈಕಲ್ ತುಳಿಯುವಾಗ ಮಾತ್ರ ಹುಷಾರು. ಸೀಟು ಎತ್ತರ ಜಾಸ್ತಿ ಇದ್ದರೆ ಪೆಡಲ್ ಕೆಳಗೆ ಹೋದಾಗಲೆಲ್ಲ ಮಂಡಿ ಅದೇ 30 ಡಿಗ್ರಿಯಲ್ಲಿ ಓಡಾಡುತ್ತದೆ, ಇದೇ ನೋವು ಬರುತ್ತದೆ.

ಓಡುವ ರೀತಿಯಲ್ಲಿ ಎರಡು ಸಣ್ಣ ಬದಲಾವಣೆ ಸಾಕು. ಒಂದು, ಹೆಜ್ಜೆ ಚಿಕ್ಕದು ಮಾಡಿ, ಸಂಖ್ಯೆ ಜಾಸ್ತಿ ಮಾಡಿ. ಒಂದು ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸಿ. 160 ಇದ್ದರೆ 168 ಅಥವಾ 170ಕ್ಕೆ ತನ್ನಿ, ವೇಗ ಅಷ್ಟೇ ಇರಲಿ. ಶೇ. 5ರಷ್ಟು ಸಾಕು, 10 ದಾಟಬೇಡಿ. ಇನ್ನೊಂದು, ಹೆಜ್ಜೆಗಳ ನಡುವಿನ ಅಗಲ. ಕೆಲವರು ಹಗ್ಗದ ಮೇಲೆ ನಡೆಯುವವರ ಹಾಗೆ ಒಂದೇ ಗೆರೆಯಲ್ಲಿ ಪಾದ ಇಡುತ್ತಾ ಓಡುತ್ತಾರೆ, ಒಂದು ಕಾಲು ಇನ್ನೊಂದರ ಮುಂದೆ ಅಡ್ಡ ಬರುತ್ತದೆ. ಆಗ ಹೊರಬದಿಯ ಐ.ಟಿ. ಬ್ಯಾಂಡ್ ಬಿಲ್ಲಿನ ಹಗ್ಗದಂತೆ ಬಿಗಿಯುತ್ತದೆ. ನೆಲದ ಮೇಲೆ ಒಂದು ಗೆರೆ ಇದೆ ಅಂದುಕೊಂಡು ಪಾದಗಳನ್ನು ಅದರ ಎರಡು ಬದಿಗೆ ಇಡಿ. ಯಾರಿಗಾದರೂ ಹೇಳಿ ಹಿಂದಿನಿಂದ ಮೊಬೈಲ್‌ನಲ್ಲಿ ವಿಡಿಯೋ ತೆಗೆಸಿ. ನಾನು ಹಾಗೆ ಓಡುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ವಿಡಿಯೋ ನೋಡಿದ ಮೇಲೆ ಸುಮ್ಮನಾಗುತ್ತಾರೆ.

ಆಮೇಲೆ ಸೊಂಟದ ಪಕ್ಕದ ಸ್ನಾಯು. 2000ದಲ್ಲಿ ಮೈಕೇಲ್ ಫ್ರೆಡರಿಕ್ಸನ್ ಮತ್ತು ಜೊತೆಗಾರರು ಈ ನೋವಿದ್ದ 24 ಓಟಗಾರರನ್ನು ನೋಡಿದರು. ನೋವಿದ್ದ ಕಾಲಿನ ಕಡೆ ಸೊಂಟದ ಪಕ್ಕದ ಸ್ನಾಯು ದುರ್ಬಲವಾಗಿತ್ತು. ಆರು ವಾರ ಅದನ್ನು ಬಲಪಡಿಸಿದ ಮೇಲೆ 22 ಜನ ನೋವಿಲ್ಲದೆ ಓಡಲು ಮರಳಿದರು. ದುರ್ಬಲತೆಯಿಂದ ನೋವು ಬಂತೋ, ನೋವಿನಿಂದ ದುರ್ಬಲತೆಯೋ ಅನ್ನುವ ವಾದ ಇನ್ನೂ ನಡೆಯುತ್ತಿದೆ. ನಿಮಗೆ ಅದರ ಗೊಡವೆ ಬೇಡ, ವ್ಯಾಯಾಮ ಮಾಡಿ. ಎಡಮಗ್ಗುಲಾಗಿ ಮಲಗಿ, ಬೆನ್ನು ಮತ್ತು ಹಿಮ್ಮಡಿಗಳನ್ನು ಗೋಡೆಗೆ ತಾಗಿಸಿ. ಮೇಲಿನ ಕಾಲಿನ ಹಿಮ್ಮಡಿ ಗೋಡೆ ಬಿಡದಂತೆ ಮೇಲೆತ್ತಿ, ನಿಧಾನವಾಗಿ ಇಳಿಸಿ. ಹಿಮ್ಮಡಿ ಮುಂದೆ ಬಂದರೆ ಬೇರೆ ಸ್ನಾಯು ಕೆಲಸ ಕದಿಯುತ್ತದೆ, ಅದಕ್ಕೇ ಗೋಡೆ. 12-15 ಸಲ, ಮೂರು ಸುತ್ತು, ವಾರಕ್ಕೆ ಮೂರ್ನಾಲ್ಕು ದಿನ. ಎರಡೂ ಕಾಲಿಗೆ. ಸುಲಭ ಅನ್ನಿಸಿದ ಮೇಲೆ ಸೈಡ್ ಪ್ಲ್ಯಾಂಕ್ (ಮಗ್ಗುಲಾಗಿ ಮೊಣಕೈ ಊರಿ ಮೈಯನ್ನು ನೆಟ್ಟಗೆ ಎತ್ತಿ ಹಿಡಿಯುವುದು), ಆಮೇಲೆ ಮೇಲೆ ಹೇಳಿದ ಮೆಟ್ಟಿಲ ಪರೀಕ್ಷೆಯನ್ನೇ ವ್ಯಾಯಾಮ ಮಾಡಿಕೊಳ್ಳಿ, ನೋವು ಬರದ ಎತ್ತರದಲ್ಲಿ.

ಫೋಮ್ ರೋಲರ್, ಅಂದರೆ ಸ್ನಾಯುಗಳ ಕೆಳಗಿಟ್ಟು ಉರುಳಿಸುವ ಫೋಮಿನ ಉರುಳೆ, ಅದರ ಬಗ್ಗೆ ನೀವು ಬರೆದಿಲ್ಲ, ಆದರೆ ಖಂಡಿತ ಯಾರಾದರೂ ಹೇಳಿಯೇ ಇರುತ್ತಾರೆ. ಐ.ಟಿ. ಬ್ಯಾಂಡನ್ನು ಉರುಳಿಸಿ ಉದ್ದ ಮಾಡಲು ಆಗುವುದಿಲ್ಲ, ಅದು ಅಷ್ಟು ಗಟ್ಟಿ. ನೋಯುವ ಉಬ್ಬಿನ ಮೇಲೆ ರೋಲರ್ ಇಟ್ಟು ಹಲ್ಲು ಕಚ್ಚಿಕೊಂಡು ಉರುಳುವುದು ಗಾಯವನ್ನು ಗುದ್ದಿ ಗುಣ ಮಾಡುವ ಹಾಗೆ. ಬೇಕಾದರೆ ತೊಡೆಯ ಮುಂಭಾಗ ಮತ್ತು ಪೃಷ್ಠದ ಸ್ನಾಯುಗಳ ಮೇಲೆ ಉರುಳಿಸಿ, ಹಿತ ಅನ್ನಿಸುತ್ತದೆ. ನೋವಿನ ಮಾತ್ರೆ ನುಂಗಿ ಓಡುವುದಂತೂ ಬೇಡ. ನಿಲ್ಲು ಅಂತ ಕಾಲು ಹೇಳುವುದು ನಿಮಗೆ ಕೇಳಿಸಬೇಕು.

ಏಳು ವಾರದ ಪ್ರಶ್ನೆ ಉಳಿಯಿತು. ಮೂರನೇ ವಾರದ ಕೊನೆಗೆ ಮೆಟ್ಟಿಲು ಇಳಿಯುವಾಗ ನೋವಿಲ್ಲದೆ, ಸಮತಟ್ಟಿನಲ್ಲಿ ಏಳೆಂಟು ಕಿ.ಮೀ. ಆರಾಮಾಗಿ ಓಡಲು ಆದರೆ 21ರ ಆಸೆ ಇಟ್ಟುಕೊಳ್ಳಬಹುದು. ಆದರೆ ಹಳೆಯ ಗುರಿಯ ವೇಗದಲ್ಲಿ ಅಲ್ಲ. ಆಗ ಇನ್ನೂ ಐದಕ್ಕೆ ನೋವು ಬರುತ್ತಿದ್ದರೆ ಈ ಸಲ 10 ಕಿ.ಮೀ. ಓಟಕ್ಕೆ ಬದಲಾಯಿಸಿಕೊಳ್ಳಿ, ಅಥವಾ ಬಿಟ್ಟುಬಿಡಿ. ಮೂರು ತಿಂಗಳಾದರೂ ಜಗ್ಗದಿದ್ದರೆ ವೈದ್ಯರು ಸ್ಕ್ಯಾನ್ ಅಥವಾ ಆ ಜಾಗಕ್ಕೆ ಇಂಜೆಕ್ಷನ್ ಬಗ್ಗೆ ಮಾತಾಡಬಹುದು. ಹೆಚ್ಚಿನವರು ಅಲ್ಲಿಯವರೆಗೆ ಹೋಗುವುದಿಲ್ಲ.

ಓಟದ ದಿನ ಪಟ್ಟಿ ಕಟ್ಟುವುದಾದರೆ ಅದು ಹಳೆಯ ಪಟ್ಟಿಯೇ ಆಗಿರಲಿ, ಅದನ್ನು ಕಟ್ಟಿಕೊಂಡು ಮುಂಚೆ ಕನಿಷ್ಠ ಎರಡು ಉದ್ದ ಓಟ ಆಗಿರಲಿ. ದಾರಿಯಲ್ಲಿ ಇಳಿಜಾರು ಎಲ್ಲೆಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಅಲ್ಲಿ ನಡೆಯಿರಿ. ಮತ್ತೆ ಬರೆಯುವಾಗ ಮೆಟ್ಟಿಲ ಪರೀಕ್ಷೆಯ ಎರಡೂ ಎಣಿಕೆ ಹಾಕಿ ಕಳಿಸಿ, ಪಟ್ಟಿ ಇಲ್ಲದೆ ಎಷ್ಟು, ಇದ್ದಾಗ ಎಷ್ಟು ಅಂತ.